ಹುಣಸೆಹಣ್ಣಿನಲ್ಲಿ ತೊಳೆದ ಬಂದೂಕಿನ ಪಟ್ಟಿ

ನಮ್ಮ ಮನೆಯಲ್ಲಿ ಬಂದೂಕು ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಬಂದೂಕಿನ ಪಟ್ಟಿಗಳು ನಲವತ್ತೇಳು ಇವೆ. ಹಿಂದಿನ ಕಾಲದ ಸಿಪಾಯಿಗಳು ಬಂದೂಕನ್ನು ಹೆಗಲಿಗೆ ತೂಗುಹಾಕಿಕೊಳ್ಳುತ್ತಿದ್ದ, ಎರಡು ಬೆರಳಗಲದ, ದಪ್ಪ ನೂಲಿನ ಅಥವಾ ಚರ್ಮದ ಪಟ್ಟಿಗಳು. ಜೊತೆಗೆ ಬಂದೂಕಿನ ಹಿಡಿಯೊಳಗೆ ಇಡುತ್ತಿದ್ದ ಪುಟ್ಟ ಹಿತ್ತಾಳೆ ಎಣ್ಣೆ ಸೀಸೆಗಳು ಹನ್ನೊಂದು, ನಳಿಗೆ ಒರೆಸುವ ಹುರಿಗಳು ಆರು, ಕ್ಯಾನ್ವಾಸಿನ ಗವಸುಗಳು ನಾಲ್ಕು. ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಮನೆಯ ಮಹಡಿಯ ಚಿಕ್ಕ ಕೋಣೆಯಲ್ಲಿ, ಮಗಳು ಮದುವೆಯಾಗಿ ಹೋದ ಮೇಲೆ ಖಾಲಿಯಾದ ಕಪಾಟಿನಲ್ಲಿ, ಸೀರೆಯ ಹ್ಯಾಂಗರುಗಳ ಮೇಲೆ ಅವೆಲ್ಲ ತೂಗಾಡುತ್ತಿವೆ. "ಕುದುರೆ ಇಲ್ಲ, ಬರೀ ಲಗಾಮು ಕೂಡಿಸ್ತಾ ಇದಾರೆ ಇವ್ರು," ಎಂದು ನನ್ನ ಹೆಂಡತಿ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಬಂದವರು ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಅವರನ್ನು ಬಲವಂತವಾಗಿ ಮಹಡಿಗೆ ಕರೆದುಕೊಂಡು ಹೋಗಿ ನಲವತ್ತೇಳನ್ನೂ ತೋರಿಸುತ್ತೇನೆ.

ಈ ಹುಚ್ಚು ಹಿಡಿದದ್ದು ನಾನು ರಿಟೈರ್ ಆದ ವರ್ಷ. ಮೂವತ್ತೆರಡು ವರ್ಷ ಇಲ್ಲಿನ ಆಸ್ಪತ್ರೆಯ ಫಾರ್ಮಸಿಯಲ್ಲಿ ನಿಂತು ಔಷಧಿ ಬಾಟಲಿಗಳ ಮೇಲಿನ ಸಾಸಿವೆ ಗಾತ್ರದ ಅಕ್ಷರ ಓದಿದವನು ನಾನು. ತಯಾರಾದ ದಿನ, ಅವಧಿ ಮುಗಿಯುವ ದಿನ, ಬ್ಯಾಚ್ ನಂಬರು ನೋಡದೆ ಕೈಗೆ ಬಂದ ಯಾವ ವಸ್ತುವನ್ನೂ ಕೆಳಗಿಡುವ ಅಭ್ಯಾಸವಿಲ್ಲ. ಆ ಸಲ ಮೈಸೂರಿಗೆ ಹೊರಟಾಗ ಸೂಟ್‌ಕೇಸಿನ ಬೀಗ ಕೈಕೊಟ್ಟಿತು. ಎಜ್‌ವೇರ್ ಕಡೆಯ ಒಂದು ಮೈದಾನದಲ್ಲಿ ಭಾನುವಾರ ಜನ ಕಾರಿನ ಡಿಕ್ಕಿ ತೆರೆದಿಟ್ಟು ಹಳೆ ಸಾಮಾನು ಮಾರುತ್ತಾರೆ. ಅಲ್ಲಿಂದ ಒಂದು ಗಟ್ಟಿ ಪಟ್ಟಿ ತಂದೆ. ಅದನ್ನು ಸೂಟ್‌ಕೇಸಿಗೆ ಬಿಗಿಯುವಾಗ ತುದಿಯಲ್ಲಿ, ಮಾಸಿದ ಮಸಿಯಲ್ಲಿ, ಒಂದು ಬಾಣದ ಗುರುತು, ಮೂರು ಅಕ್ಷರ, ಒಂದು ಇಸವಿ ಕಂಡವು. ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ, ನಾನು ಸೂಟ್‌ಕೇಸಿನ ಮೇಲೆ ಕೂತು ಭೂತಗನ್ನಡಿ ಹಿಡಿದಿದ್ದೆ. ಆ ಪಟ್ಟಿ ವಯಸ್ಸಿನಲ್ಲಿ ನಮ್ಮಪ್ಪನಿಗಿಂತ ದೊಡ್ಡದು ಎಂದು ಗೊತ್ತಾದಾಗ ನನಗಾದ ಸಂಭ್ರಮವನ್ನು ಹೆಂಡತಿಗೆ ಹೇಳಿದೆ. "ಮೊದ್ಲು ಕಾರ್ ಹತ್ತಿ," ಎಂದಳು.

ಪಟ್ಟಿಯ ವಯಸ್ಸು ಹೇಳುವುದು ಜಾತಕ ಹೇಳಿದ ಹಾಗೆ ಗಾಳಿಮಾತಿನ ಕೆಲಸವಲ್ಲ. ಮೊದಲು ಹಿಂಬದಿ ತಿರುಗಿಸಬೇಕು. ನಮ್ಮ ಕಡೆಯ ಹೆಂಗಸರು ಸೀರೆ ಅಂಗಡಿಯಲ್ಲಿ ಅಂಚು ಮಗುಚಿ ಒಳಗಿನ ನೇಯ್ಗೆ ನೋಡುತ್ತಾರಲ್ಲ, ಹಾಗೆ. ಬಾಣದ ಗುರುತಿದ್ದರೆ ಬ್ರಿಟಿಷ್ ಸರಕಾರದ ಸ್ವತ್ತು. ಬಾಣದ ಜೊತೆ ಇಂಗ್ಲಿಷಿನ ‘ಐ’ ಇದ್ದರೆ ನಮ್ಮ ದೇಶದಲ್ಲಿ ತಯಾರಾದದ್ದು. ‘ಸಿ’ಯ ಹೊಟ್ಟೆಯೊಳಗೆ ಬಾಣ ಕೂತಿದ್ದರೆ ಕೆನಡಾದ್ದು. ತುದಿಯ ಕೊಂಡಿಗಳು ಹಿತ್ತಾಳೆಯಾದರೆ ಸಾಮಾನ್ಯವಾಗಿ ಹಳೆಯವು. ಎರಡನೆಯ ಮಹಾಯುದ್ಧದಲ್ಲಿ ಹಿತ್ತಾಳೆಗೆ ಬರ ಬಂದ ಮೇಲೆ ಕಪ್ಪು ಬಳಿದ ಉಕ್ಕಿನವೂ ಬಂದವು, ಯುದ್ಧ ಮುಗಿದ ಮೇಲೆ ಅವೇ ಹೆಚ್ಚಾದವು. ಕಪ್ಪು ಕಂಡರೆ ಕಣ್ಣನ್ನು ನಂಬಬಾರದು, ಅಯಸ್ಕಾಂತ ಹಿಡಿಯಬೇಕು: ಅಂಟಿದರೆ ಉಕ್ಕು, ಅಂಟದಿದ್ದರೆ ಹಿತ್ತಾಳೆ. ಇನ್ನು ಬಣ್ಣ. ಪರೇಡಿನಲ್ಲಿ ನೀಟಾಗಿ ಕಾಣಲೆಂದು ಸಿಪಾಯಿಗಳು ಬಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಪಟ್ಟಿಗೆ ಬಳಿಯುತ್ತಿದ್ದರು, ಪದರದ ಮೇಲೆ ಪದರ. ಅದರಡಿಯಲ್ಲಿ ಮುದ್ರೆ, ಇಸವಿ ಎಲ್ಲವೂ ಮುಚ್ಚಿಹೋಗಿರುತ್ತವೆ. ಹಾಗೆಂದು ತೊಳೆಯುವಂತಿಲ್ಲ. ಸಂಗ್ರಹಕಾರರ ಲೋಕದಲ್ಲಿ ಹಳೆ ಪಟ್ಟಿ ತೊಳೆಯುವುದು ಮಹಾಪಾಪ. ಆ ಕೊಳೆಯೇ ಅದರ ಚರಿತ್ರೆ ಎಂದು ನಮ್ಮ ಗುಂಪಿನ ಹಿರಿಯರು ಮೊದಲ ದಿನವೇ ನನಗೆ ಉಪದೇಶ ಮಾಡಿದ್ದರು. ನಾನೂ ಆಮೇಲೆ ಬಂದ ಎಷ್ಟೋ ಜನಕ್ಕೆ ಅದನ್ನೇ ಒಪ್ಪಿಸಿದ್ದೇನೆ.

ಇಷ್ಟೆಲ್ಲ ಗೊತ್ತಿದ್ದವನು ಹೋದ ವರ್ಷ ಮಾಡಿದ ಘನಕಾರ್ಯವನ್ನು ಈಗ ಹೇಳುತ್ತೇನೆ.

ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಅಲ್ಲಿ ಎಂಬತ್ತು ದಾಟಿದ ಇಂಗ್ಲಿಷ್ ಮಹಿಳೆಯೊಬ್ಬರು ಒಬ್ಬರೇ ಇದ್ದರು. ನಾವು ಈ ಬೀದಿಗೆ ಬಂದ ದಿನ ಕೇಕ್ ಹಿಡಿದು ಬಾಗಿಲು ತಟ್ಟಿದವರು ಅವರೊಬ್ಬರೇ. ಪ್ರತಿ ನವರಾತ್ರಿಯಲ್ಲಿ ನಮ್ಮ ಗೊಂಬೆ ನೋಡಲು ಬಂದು, ಪಟ್ಟದ ಗೊಂಬೆಗಳನ್ನು "ರಾಜ ರಾಣಿ ಚೆನ್ನಾಗಿದ್ದಾರಾ?" ಎಂದು ವಿಚಾರಿಸಿ, ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡು ಹೋಗುತ್ತಿದ್ದರು. ಹೋದ ಬೇಸಿಗೆಯಲ್ಲಿ ಅವರು ಮನೆ ಮಾರಿ, ಸಮುದ್ರದ ಕಡೆ ಇರುವ ಮಗಳ ಹತ್ತಿರ ಹೋಗುವುದೆಂದು ತೀರ್ಮಾನವಾಗಿತ್ತು. ಅಟ್ಟ ಖಾಲಿ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಬೇಲಿಯಾಚೆಯಿಂದ ನನ್ನನ್ನು ಕೂಗಿ, "ನಿಮ್ಮ ವಿಷಯದ್ದೊಂದು ವಸ್ತು ಸಿಕ್ಕಿದೆ, ಬನ್ನಿ," ಎಂದರು.

ಅವರ ಅಡುಗೆಮನೆಯ ಮೇಜಿನ ಮೇಲೆ ಒಂದು ಬಂದೂಕಿನ ಪಟ್ಟಿ ಇತ್ತು. ಕಡುಹಸಿರು ಬಣ್ಣ, ಕಪ್ಪು ಕೊಂಡಿಗಳು. ಅದನ್ನು ಮುಟ್ಟದೆ, ಪಕ್ಕದಲ್ಲಿ ಕೈಯಿಟ್ಟುಕೊಂಡು ಅವರು ಕಥೆ ಹೇಳಿದರು. ಅವರು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಂದೆ ಯುದ್ಧಕ್ಕೆ ಹೋದವರು, ವಾಪಸು ಬರಲಿಲ್ಲ. ಮಗಳ ಮುಖ ಅವರು ನೋಡಲಿಲ್ಲ, ಇವರು ಅವರನ್ನು ನೋಡಲಿಲ್ಲ. ಯುದ್ಧ ಮುಗಿದ ಮೇಲೆ ತಂದೆಯ ಗೆಳೆಯನೊಬ್ಬ ಈ ಪಟ್ಟಿಯನ್ನು ತಂದು ತಾಯಿಯ ಕೈಗಿಟ್ಟನಂತೆ. ತಾಯಿ ಹೇಳುತ್ತಿದ್ದದ್ದು ಹಾಗೆ. ಚಿಕ್ಕಮ್ಮ ಮಾತ್ರ, ಅದೆಲ್ಲ ಸುಳ್ಳು, ನಿನ್ನ ಮಲತಂದೆ ತನ್ನ ಹತ್ಯಾರದ ಪೆಟ್ಟಿಗೆ ಹೊರಲು ಮಿಲಿಟರಿ ಹಳೆ ಸಾಮಾನಿನ ಅಂಗಡಿಯಿಂದ ತಂದದ್ದು, ಎನ್ನುತ್ತಿದ್ದಳಂತೆ. ಈಗ ಇಬ್ಬರೂ ಇಲ್ಲ. "ಅವರದ್ದಾಗಿದ್ದರೆ ನನ್ನ ಜೊತೆ ಬರುತ್ತದೆ," ಎಂದರು. "ಇಲ್ಲದಿದ್ದರೆ ಅಟ್ಟದ ಕಸದ ಜೊತೆ ಹೋಗುತ್ತದೆ. ನೀವು ಹೇಳಿ. ಅವರ ಕಾಗದಗಳೂ ಉಳಿದಿಲ್ಲ, ಅವರ ಕೈ ಮುಟ್ಟಿದ ಇನ್ನೊಂದು ವಸ್ತು ನನ್ನ ಹತ್ತಿರ ಇಲ್ಲ."

ಆಗ ನಾನು ಹಿಂಬದಿ ತಿರುಗಿಸಬೇಕಿತ್ತು. ಮನೆಗೆ ಹೋಗಿ ಅಯಸ್ಕಾಂತ ತರಬೇಕಿತ್ತು, ಗೋಡೆಯಾಚೆಗೇ ಇತ್ತು. ಆದರೆ ನನಗೆ ಪ್ರೇಕ್ಷಕರು ಸಿಕ್ಕಿದ್ದರು. ಎಡಗೈಯಲ್ಲಿ ಟೀ ಕಪ್ಪು ಹಿಡಿದು, ಬಲಗೈ ಬೆರಳಿನಿಂದ ಪಟ್ಟಿಯನ್ನು ಅತ್ತಿತ್ತ ಸರಿಸಿ, ಕಪ್ಪು ಉಕ್ಕಿನ ಕೊಂಡಿ, ಹಸಿರು ಬಣ್ಣ, ಇದು ಯುದ್ಧ ಮುಗಿದು ಎಷ್ಟೋ ವರ್ಷದ ಮೇಲಿನದು, ಖಂಡಿತ, ಎಂದುಬಿಟ್ಟೆ. ಅಷ್ಟಕ್ಕೇ ಬಿಡದೆ ಕೊಂಡಿಗಳ ಇತಿಹಾಸದ ಬಗ್ಗೆ ಹತ್ತು ನಿಮಿಷ ಕೊರೆದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, "ಸರಿ ಹಾಗಾದರೆ," ಎಂದು ಎದ್ದು ಕಪ್ಪುಗಳನ್ನು ಸಿಂಕಿಗೆ ಹಾಕಿದರು. ಬೆನ್ನು ನನ್ನ ಕಡೆಗಿತ್ತು. "ನೀವೇ ಇಟ್ಟುಕೊಳ್ಳಿ. ನನಗೆ ಅದರಿಂದ ಏನೂ ಆಗಬೇಕಿಲ್ಲ."

ಮನೆಗೆ ಬಂದು ಕಪಾಟು ತೆರೆದೆ. ನಾನು ಹೇಳಿದ್ದು ಸತ್ಯವೇ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಎಂಬತ್ತು ವರ್ಷ ಜೋಪಾನವಾಗಿದ್ದ ಒಬ್ಬ ತಂದೆಯನ್ನು ಒಂದು ಕಪ್ ಟೀ ಮುಗಿಯುವುದರೊಳಗೆ ಕಸಿದುಕೊಂಡು ಬಂದಿದ್ದೆ. ಪಟ್ಟಿಯನ್ನು ಹ್ಯಾಂಗರಿಗೆ ಹಾಕಲು ಮನಸ್ಸು ಬರಲಿಲ್ಲ, ಸುತ್ತಿ ಒಂದು ಮೂಲೆಗಿಟ್ಟೆ. ಅದಕ್ಕೆ ಅಯಸ್ಕಾಂತ ಹಿಡಿಯುವ ಧೈರ್ಯವೂ ಇರಲಿಲ್ಲ. ಹೆಂಡತಿಗೆ, "ಪಕ್ಕದ ಮನೆಯವರ ಅಪ್ಪಂದಂತೆ, ಕೊಟ್ರು," ಎಂದಷ್ಟೇ ಹೇಳಿದೆ. ನನ್ನ ತೀರ್ಪಿನ ವಿಷಯ ಹೇಳಲಿಲ್ಲ, ಹೇಳಿದ್ದರೆ ಬೈಗುಳ ಗ್ಯಾರಂಟಿ. ಆಮೇಲೆ ಬೇಲಿ ಹತ್ತಿರ ಸಿಕ್ಕಾಗಲೆಲ್ಲ ಅವರು ಹವಾಮಾನದ ಮಾತಾಡಿದರು, ನಾನೂ ಹವಾಮಾನದ ಮಾತಾಡಿದೆ.

ಹೀಗೆ ನವರಾತ್ರಿ ಬಂತು, ಅವರ ಮನೆಯ ಮಾರಾಟ ಇನ್ನೂ ಮುಗಿದಿರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಹೆಂಡತಿ ನನ್ನನ್ನು ಬಾಳೆಎಲೆ, ಚೆಂಡುಹೂವು, ಬೂದುಗುಂಬಳಕಾಯಿ ತರಲು ಪಾರ್ಕ್ ರಾಯಲ್‌ನ ಸಗಟು ಅಂಗಡಿಗೆ ಅಟ್ಟಿದಳು. ಹ್ಯಾರೋದ ಅಂಗಡಿಯಲ್ಲೇ ಎಲ್ಲವೂ ಸಿಗುತ್ತದೆ. ನಾನು ಕಾಲಿಗೆ ಅಡ್ಡ ಸಿಗಬಾರದು ಎನ್ನುವುದು ಅವಳ ಉದ್ದೇಶ. ನಮ್ಮ ಮನೆಯ ಆಯುಧಪೂಜೆಗೆ ಮಿತಿ ಇಲ್ಲ. ಈಳಿಗೆಮಣೆ, ಚಾಕು, ಸ್ಕ್ರೂಡ್ರೈವರ್, ಹೊಲಿಗೆ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ, ಮಿಕ್ಸಿ, ಬಿಪಿ ನೋಡುವ ಯಂತ್ರ, ಇಬ್ಬರ ಲ್ಯಾಪ್‌ಟಾಪು, ಎಲ್ಲವೂ ಹಿಂದಿನ ದಿನ ಸ್ನಾನವನ್ನೋ ಒರೆಸುವ ಸೇವೆಯನ್ನೋ ಮಾಡಿಸಿಕೊಂಡು ಗೊಂಬೆ ಮೆಟ್ಟಿಲ ಕೆಳಗೆ ಸಾಲಾಗಿ ಕೂರಬೇಕು. ಕೌನ್ಸಿಲ್‌ನವರು ಕೊಟ್ಟ ಕಸದ ತೊಟ್ಟಿಗೂ ಒಂದು ವರ್ಷ ಕುಂಕುಮ ಬಿದ್ದಿತ್ತು.

ಕಾರು ನಿಲ್ಲಿಸಿ, ಕುಂಬಳಕಾಯಿ ಅಪ್ಪಿಕೊಂಡು ಹಿತ್ತಿಲ ಬಾಗಿಲಿಂದ ಒಳಗೆ ಬರುತ್ತಿದ್ದೇನೆ, ಬಟ್ಟೆ ಒಣಹಾಕುವ ಹಗ್ಗದ ಮೇಲೆ, ನನ್ನ ಎರಡು ಬನಿಯನ್ನುಗಳ ನಡುವೆ, ಒಂದು ಬಂದೂಕಿನ ಪಟ್ಟಿ ನೀರು ತೊಟ್ಟಿಕ್ಕುತ್ತ ನೇತಾಡುತ್ತಿದೆ. ಮಾಸಲು ಮಣ್ಣಿನ ಬಣ್ಣ, ತುದಿಗಳಲ್ಲಿ ದೇವರ ಮನೆಯ ದೀಪದ ಹಾಗೆ ಫಳಫಳ ಹೊಳೆಯುವ ಕೊಂಡಿಗಳು. ನನ್ನ ಸಂಗ್ರಹದಲ್ಲಿ ಅಂಥದ್ದು ಇರಲೇ ಇಲ್ಲ. ಕೆಳಗೆ ಬಕೆಟ್ಟಿನಲ್ಲಿ ಪಾಚಿಗಟ್ಟಿದ ಕೆರೆಯ ಹಾಗೆ ಹಸಿರು ನೀರು ಕಂಡ ಮೇಲೆ ಅದು ಯಾವ ಪಟ್ಟಿ ಎಂದು ಹೊಳೆಯಿತು.

"ಏನೇ ಮಾಡಿದ್ದೀಯಾ ಇದು!" ಎಂದು ಕಿರುಚಿದೆ. ಕುಂಬಳಕಾಯಿ ಕೈತಪ್ಪಿ ಹುಲ್ಲಿನ ಮೇಲೆ ಬಿತ್ತು, ಪುಣ್ಯಕ್ಕೆ ಒಡೆಯಲಿಲ್ಲ.

ಹೆಂಡತಿ ಹುಣಸೆಹಣ್ಣು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. "ಏನ್ ಹಂಗ್ ಕೂಗ್ತೀರಿ? ಪಕ್ಕದ ಮನೆಯವ್ರು ಏನಂದ್ಕೋತಾರೆ? ಆಯುಧ ಅಂದ್ಮೇಲೆ ತೊಳೀದೆ ಪೂಜೆಗೆ ಇಡ್ತಾರಾ ಯಾರಾದ್ರೂ?"

"ಇದು ಆಯುಧ ಅಲ್ಲ! ಪಟ್ಟಿ!"

"ಬಂದೂಕಂತೂ ನಿಮ್ಹತ್ರ ಇಲ್ಲ, ಇದಾದ್ರೂ ಇರ್ಲಿ ಅಂತ. ಬೇರೆಯವೆಲ್ಲ ಎಲ್ಲೆಲ್ಲಿಂದ್ಲೋ ತಂದಿರೋವು. ಇದೊಂದೇ ಗುರುತಿನವ್ರ ಅಪ್ಪಂದು, ಅವ್ರು ನಿಜವಾಗ್ಲೂ ಯುದ್ಧಕ್ಕೆ ಹೋದವ್ರು. ಮೂಲೆಲಿ ಸುತ್ತಿ ಬಿಸಾಕಿದ್ರಿ, ನಂಗೇ ಬೇಜಾರಾಯ್ತು. ಬೆಳಿಗ್ಗೆಯಿಂದ ಅಂಟುವಾಳದ ನೀರಲ್ಲಿ ನೆನೆಹಾಕಿ, ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ ಉಜ್ಜಿ ಬೆರಳು ನೋವು ಬಂತು. ಕೊಂಡಿಗೆ ಯಾರೋ ಗೇಟಿಗೆ ಬಳಿಯೋ ಪೇಂಟ್ ಬಳಿದಿದ್ರು. ಸ್ಟೀಲ್ ಸ್ಕ್ರಬ್ಬರಲ್ಲಿ ತಿಕ್ಕಿದ್ಮೇಲೆ ಒಳ್ಳೇ ಹಿತ್ತಾಳೆ ಬಂತು ನೋಡಿ!"

ಹಿತ್ತಾಳೆ. ಕೊಂಡಿಯನ್ನು ಹಿಡಿದು ನೋಡಿದೆ. ಉಕ್ಕಲ್ಲ, ಅಪ್ಪಟ ಹಿತ್ತಾಳೆ. ಹತ್ತು ನಿಮಿಷ ಕೊರೆದ ಇತಿಹಾಸವೆಲ್ಲ ಆ ಹಸಿರು ಬಕೆಟ್ಟಿನಲ್ಲಿ ತೇಲುತ್ತಿತ್ತು. ಪಟ್ಟಿಯ ಹಿಂಬದಿ ತಿರುಗಿಸಿದೆ. ಒಂದು ತುದಿಯಲ್ಲಿ ಬಾಣ, ತಯಾರಕರ ಅಕ್ಷರಗಳು, ಇಸವಿ. ಪಕ್ಕದ ಮನೆಯವರು ಹುಟ್ಟುವುದಕ್ಕೆ ಎರಡು ವರ್ಷ ಮುಂಚಿನ ಇಸವಿ. ಇನ್ನೊಂದು ತುದಿಯಲ್ಲಿ ಮುದ್ರೆ ಅಲ್ಲ, ಯಾರೋ ಕೈಯಲ್ಲಿ ಬರೆದ ನಾಲ್ಕು ಅಂಕಿಗಳು. ತಮ್ಮ ಸಾಮಾನು ಬೇರೆಯವರದ್ದರ ಜೊತೆ ಕಲೆಯಬಾರದೆಂದು ಸಿಪಾಯಿಗಳು ತಮ್ಮ ಸೇನಾ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಹೀಗೆ ಅಳಿಸಲಾಗದ ಮಸಿಯಲ್ಲಿ ಬರೆದಿಡುತ್ತಿದ್ದರು.

ಆಗ ಹೆಂಡತಿಗೆ ಎಲ್ಲವನ್ನೂ ಹೇಳಲೇಬೇಕಾಯಿತು, ನನ್ನ ತೀರ್ಪು, ಟೀ ಕಪ್ಪು, ಭಾಷಣ, ಎಲ್ಲ. ಬೈಗುಳದ ವಿವರ ಇಲ್ಲಿ ಬೇಡ. ಬೈದು ಮುಗಿಸಿ, "ಈಗ್ಲೇ ಹೋಗಿ ಹೇಳ್ಬನ್ನಿ," ಎಂದಳು. ನನಗೆ ಧೈರ್ಯ ಬರಲಿಲ್ಲ. ಇಸವಿ ಹೊಂದಿತೆಂದ ಮಾತ್ರಕ್ಕೆ ಅದು ಅವರ ತಂದೆಯದೇ ಆಗಬೇಕಿಲ್ಲ. ಅದೇ ವರ್ಷದ ಪಟ್ಟಿಗಳು ಹಳೆ ಸಾಮಾನಿನ ಅಂಗಡಿಗಳಲ್ಲೂ ರಾಶಿ ಬಿದ್ದಿದ್ದವು. ಆ ನಂಬರು ಬೇರೆ ಯಾರದ್ದೋ ಆಗಿದ್ದರೆ? ಒಂದು ಸಲ ಆಸೆ ಮುರಿದಾಗಿತ್ತು, ಮತ್ತೆ ಕಟ್ಟಿ ಮತ್ತೆ ಮುರಿಯುವ ಕೆಲಸ ನನ್ನಿಂದಾಗದು. ಅವರು ನಾಳೆ ಗೊಂಬೆ ನೋಡಲು ಬಂದರೆ ಏನೂ ಹೇಳದೆ ತಂದೆಯ ನಂಬರು ಮಾತ್ರ ಕೇಳುತ್ತೇನೆ, ಹೊಂದದಿದ್ದರೆ ಪಟ್ಟಿಯ ಮಾತೇ ಎತ್ತುವುದಿಲ್ಲ, ಎಂದು ಒಪ್ಪಂದ ಮಾಡಿಕೊಂಡೆವು.

ಮರುದಿನ ಬೆಳಿಗ್ಗೆ ಪೂಜೆಯಾಯಿತು. ಪಟ್ಟಿಯನ್ನು ಬಚ್ಚಿಡಬೇಕೆಂದು ನನಗೆ ನೆನಪಾದದ್ದು ಮಂಗಳಾರತಿ ಮುಗಿದ ಮೇಲೆ. ನೋಡಿದರೆ ಅದು ಸಾಲಿನ ಮಧ್ಯದಲ್ಲೇ, ಹೊಲಿಗೆ ಯಂತ್ರಕ್ಕೂ ಮಿಕ್ಸಿಗೂ ನಡುವೆ, ಬೆಳ್ಳಿ ತಟ್ಟೆಯಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಚೆಂಡುಹೂವು ಮುಡಿದು ಕೂತಿತ್ತು. ಎತ್ತಲು ಹೋದರೆ ಹೆಂಡತಿ ಕೈ ಅಡ್ಡ ಹಿಡಿದಳು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ತನಕ ಮುಟ್ಟುವ ಹಾಗಿಲ್ಲ. ಅವಳ ತವರಿನಿಂದ ಬಂದ ಪದ್ಧತಿ. ಚಾಕು ಮುಟ್ಟಬಾರದೆಂದು ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುವವಳು, ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. "ಏನೇ ಆದ್ರೂ ನಾಳೆವರೆಗೂ ಅಲ್ಲೇ ಇರತ್ತೆ," ಎಂದಳು.

ನಾಲ್ಕು ಗಂಟೆಗೆ ಸರಿಯಾಗಿ ಬಾಗಿಲ ಗಂಟೆ ಬಾರಿಸಿತು. ಈ ವರ್ಷ ಬರಲಾರರೇನೋ ಎಂದುಕೊಂಡಿದ್ದೆ. ನೀಲಿ ಕಾರ್ಡಿಗನ್ ಹಾಕಿಕೊಂಡು, ಚಾಕೊಲೇಟ್ ಡಬ್ಬಿ ಹಿಡಿದು ಬಂದಿದ್ದರು. ರಾಜ ರಾಣಿಯರ ಆರೋಗ್ಯ ವಿಚಾರಿಸಿದರು. ಹೊಸ ಗೊಂಬೆ ಯಾವುದೆಂದು ಕೇಳಿದರು. ಆಮೇಲೆ ಅವರ ಕಣ್ಣು ಕೆಳಗಿಳಿದು ಬೆಳ್ಳಿ ತಟ್ಟೆಯ ಮೇಲೆ ನಿಂತಿತು. ಬಣ್ಣ ಬದಲಾಗಿದ್ದರಿಂದ ಒಂದು ಕ್ಷಣ ಗುರುತು ಹತ್ತಲಿಲ್ಲ; ಹತ್ತಿದಾಗ ಅವರ ಮುಖ ಬಿಗಿಯಾಯಿತು.

"ಅದು ಅಪ್ಪನದಲ್ಲವಲ್ಲ," ಎಂದರು ನನ್ನ ಹೆಂಡತಿಗೆ. "ನಿಮ್ಮ ಗಂಡ ಹೇಳಲಿಲ್ಲವೇ? ಅದನ್ನು ಯಾಕೆ ದೇವರ ಹತ್ತಿರ ಇಟ್ಟಿದ್ದೀರಿ?"

ನನ್ನವಳ ಇಂಗ್ಲಿಷ್ ನೇರ, ಸುತ್ತುಬಳಸು ಗೊತ್ತಿಲ್ಲ. "ಅವರಿಗೇನು ಗೊತ್ತು?" ಎಂದಳು.

"ನಿಮ್ಮ ತಂದೆಯವರ ಸೇನಾ ನಂಬರು ಎಲ್ಲಾದರೂ ಬರೆದಿಟ್ಟಿದ್ದೀರಾ?" ಎಂದು ಕೇಳಿದೆ. ಹಳೆ ಕಾಗದ ಹುಡುಕಬೇಕು, ಮಗಳಿಗೆ ಫೋನ್ ಮಾಡಬೇಕು ಎಂದೆಲ್ಲ ಹೇಳುತ್ತಾರೆ, ಆ ಹೊತ್ತಿಗೆ ನಾನು ಸುಧಾರಿಸಿಕೊಳ್ಳಬಹುದು ಎಂಬ ಲೆಕ್ಕ ನನ್ನದು.

"ಬರೆದಿಡುವುದೇಕೆ?" ಎಂದರು. "ಅಮ್ಮ ಪ್ರತಿ ಭಾನುವಾರ ಅವರಿಗೆ ಬರೆಯುತ್ತಿದ್ದ ಕಾಗದದ ಮೇಲೆ ಹೆಸರಿನ ಮುಂದೆ ನಂಬರು ಹಾಕಬೇಕಿತ್ತು. ಅವರು ಹೋದ ಮೇಲೆ ಕಾಗದ ನಿಂತಿತು, ನಂಬರನ್ನು ಅಮ್ಮ ನನಗೆ ಕಲಿಸಿಬಿಟ್ಟಳು. ಶಾಲೆಯಲ್ಲಿ ಹಗ್ಗ ಹಾರುವಾಗ ನಾನು ಅದನ್ನೇ ಹೇಳುತ್ತಿದ್ದೆ." ಹೇಳುತ್ತ ಅವರ ಹಿಮ್ಮಡಿ ನಮ್ಮ ಕಾರ್ಪೆಟ್ಟಿನ ಮೇಲೆ ಮೆಲ್ಲಗೆ ತಾಳ ಹಾಕತೊಡಗಿತು. ಒಂದೊಂದೇ ಅಂಕಿ ಹೇಳುತ್ತ ಹೋದರು. ನಾನು ಮೊದಲಿನವನ್ನು ಕೇಳಿಸಿಕೊಳ್ಳಲೇ ಇಲ್ಲ, ಕೊನೆಯ ನಾಲ್ಕಕ್ಕೆ ಕಾದಿದ್ದೆ.

"ಐದು, ಎರಡು, ಸೊನ್ನೆ, ಏಳು."

ನಾನು ಹೆಂಡತಿಯನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಬಗ್ಗಿದಳು, ತಟ್ಟೆಯಿಂದ ಪಟ್ಟಿಯನ್ನು ಎತ್ತಿಕೊಂಡಳು, ಕಣ್ಣಿಗೊತ್ತಿಕೊಂಡು, ಹಿಂಬದಿ ತಿರುಗಿಸಿ ಪಕ್ಕದ ಮನೆಯವರ ಎರಡೂ ಕೈಗಳ ಮೇಲೆ ಇಟ್ಟಳು. ನಾಳೆಯವರೆಗೆ ಕಾಯಲಿಲ್ಲ. ನಾನು ಭೂತಗನ್ನಡಿ ಕೊಟ್ಟೆ. ಬೇಕಿರಲಿಲ್ಲ, ಅಂಕಿಗಳು ದಪ್ಪಗೇ ಇದ್ದವು. ಅವರು ಹೆಬ್ಬೆರಳನ್ನು ಐದರ ಮೇಲಿಟ್ಟು ಏಳರವರೆಗೆ ಎಳೆದರು, ಮತ್ತೆ ಐದಕ್ಕೆ ಬಂದರು. "ಇದು ಅವರ ಕೈಬರಹ," ಎಂದರು. ತಂದೆಯ ಕೈಬರಹವನ್ನು ಅವರು ನೋಡಿದ್ದು ಅದೇ ಮೊದಲು.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಹಿಂಬದಿ ನೋಡಲಿಲ್ಲ, ಅಯಸ್ಕಾಂತ ಹಿಡಿಯಲಿಲ್ಲ, ಕೊಂಡಿ ಉಕ್ಕಿನದಲ್ಲ, ಕಪ್ಪು ಯಾರೋ ಬಳಿದ ಪೇಂಟು. "ಮಲತಂದೆ!" ಎಂದು ಅವರು ಜೋರಾಗಿ ನಕ್ಕರು. "ಆತ ಗೇಟಿಗೆ ಬಳಿದು ಉಳಿದದ್ದನ್ನು ಮನೆಯಲ್ಲಿದ್ದ ಎಲ್ಲಕ್ಕೂ ಬಳಿಯುತ್ತಿದ್ದ, ನನ್ನ ಸೈಕಲ್ಲಿಗೂ." ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡರು. ಕುಂಕುಮ ಹೋಗುವುದಿಲ್ಲ, ಕಲೆ ಉಳಿಯುತ್ತದೆ, ಸಂಗ್ರಹಕಾರರು ಇದನ್ನು ನೋಡಿದರೆ ಅಳುತ್ತಾರೆ, ಎಂದೆ. ಅವರು ನನ್ನ ಮಾತಿಗೆ ಕಿವಿಗೊಡದೆ ಪಟ್ಟಿಯನ್ನು ಕಾರ್ಡಿಗನ್ನಿನ ಮೇಲೆ ಅಡ್ಡಲಾಗಿ ಹಾಕಿಕೊಂಡರು. ನನ್ನ ಹೆಂಡತಿ ಉದ್ದ ಸರಿಮಾಡಿ ಕೊಂಡಿ ಸಿಕ್ಕಿಸಿದಳು. ಅವರು ಅದನ್ನು ಹಾಕಿಕೊಂಡೇ ಎರಡು ಸಲ ಕೋಸಂಬರಿ ತಿಂದರು.

ಹೊರಡುವಾಗ ಬಾಗಿಲಲ್ಲಿ ನಿಂತು, "ಅವತ್ತು ನೀವು ಖಂಡಿತ ಎಂದಿರಿ," ಎಂದರು.

"ಎಂದಿದ್ದೆ. ನಾನು ಹೇಳಿದ್ದು ತಪ್ಪು."

"ಇನ್ನೊಂದು ಸಲ ಹೇಳಿ."

"ಪೂರ್ತಿ ತಪ್ಪು."

"ಇನ್ನೊಂದು ಸಲ."

ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಮೂರನೆಯ ಸಲವೂ ಹೇಳಿದೆ. ಅಷ್ಟು ಸಂತೋಷದಿಂದ ಆ ಮಾತನ್ನು ನಾನು ಯಾವತ್ತೂ ಹೇಳಿರಲಿಲ್ಲ.